ಇನ್ಸ್‌ಪೆಕ್ಟರ್ ಪೆಟವೇಯ ಬಲಗಿವಿ

ಥರ್ಮನ್ ಪೆಟವೇಗೆ ಎಲ್ಲರ ಹಾಗೆ ಎರಡು ಕಿವಿ. ಎಡಗಿವಿ ಕೇಳಿಸುತ್ತಿರಲಿಲ್ಲ, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಬಲಗಿವಿ ಕೇಳಿಸುತ್ತಿತ್ತು, ಅದನ್ನು ಅವನು ಟೊಲೆಡೊ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

“ಕಾರು ನಿಲ್ಸೋಕೆ ಮುಂಚೇನೇ ಗೊತ್ತಾಗುತ್ತೆ ಕಣ್ರೋ ನಂಗೆ, ಯಾವ ಮನೇಲಿ ಹೊಗೆ ಅಲಾರಂ ಬ್ಯಾಟರಿ ಸಾಯ್ತಾ ಇದೆ ಅಂತ,” ಎಂದು ಕ್ಷೌರದಂಗಡಿಯ ಕುರ್ಚಿ ಏರಿದ ಕೂಡಲೇ ಶುರು ಮಾಡುತ್ತಿದ್ದ. “ಚಿಂವ್ ಅನ್ನುತ್ತಲ್ಲ, ಆ ಸದ್ದು. ಮನೆಯವರಿಗೆ ಅಭ್ಯಾಸ ಆಗೋಗಿರುತ್ತೆ. ನನ್ನ ಕಿವಿಗೆ ಮಾತ್ರ ತಪ್ಪಿಸ್ಕೊಳಕ್ಕಾಗಲ್ಲ.”

ಕ್ಷೌರದವನು ಎಡಗಡೆ ನಿಂತು ಏನಾದರೂ ಕೇಳಿದರೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರು ಗಹನವಾದ ಯೋಚನೆಯಲ್ಲಿದ್ದಾರೆ ಎಂದು ನಾವು ಗೌರವದಿಂದ ಸುಮ್ಮನಾಗುತ್ತಿದ್ದೆವು.

ಅವನ ಕೆಲಸವೇ ಗೌರವ ಕೊಡುವಂಥದ್ದು. ನಮ್ಮಲ್ಲಿ ಕಡಿಮೆ ಆದಾಯದವರು, ವಯಸ್ಸಾದವರು ಬಾಡಿಗೆ ಮನೆ ಹಿಡಿದರೆ ಬಾಡಿಗೆಯ ದೊಡ್ಡ ಪಾಲನ್ನು ವಸತಿ ಕಚೇರಿ ನೇರವಾಗಿ ಮಾಲೀಕನಿಗೆ ಕಟ್ಟುತ್ತದೆ. ಕಟ್ಟುವ ಮೊದಲು ಆ ಮನೆ ಮನುಷ್ಯರು ಇರುವಂತಿದೆಯೇ ಎಂದು ನೋಡಿ ಬರಲು ಒಬ್ಬನನ್ನು ಕಳಿಸುತ್ತದೆ. ಆ ಒಬ್ಬನೇ ಥರ್ಮನ್. ಕಿಟಕಿಗೆ ಚಿಲಕ ಇದೆಯೇ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ, ಪ್ಲಗ್ಗಿನಲ್ಲಿ ಕರೆಂಟಿದೆಯೇ, ಚಾವಣಿಯ ಹೊಗೆ ಅಲಾರಂ ಗುಂಡಿ ಒತ್ತಿದರೆ ಅರಚುತ್ತದೆಯೇ ಎಂದು ನೋಡಬೇಕು. ಒಂದು ತಪ್ಪಿದರೂ ಮನೆ ಫೇಲು. ಎರಡನೇ ಸಲವೂ ಫೇಲಾದರೆ ಕಚೇರಿಯ ಪಾಲು ನಿಲ್ಲುತ್ತದೆ. ಮೂರನೇ ಸಲ ಫೇಲಾದರೆ ಒಪ್ಪಂದವೇ ರದ್ದಾಗಿ, ಬಾಡಿಗೆಗಿದ್ದವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಮನೆ ಹುಡುಕಬೇಕು. ರಿಪೇರಿ ಮಾಡಿಸದವನು ಮಾಲೀಕ, ಬೀದಿಗೆ ಬೀಳುವವರು ಇವರು. ಈ ನಿಯಮ ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಸಿಕ್ಕಿದರೆ ಸ್ವಲ್ಪ ಮಾತಾಡಬೇಕಿದೆ.

ನಾನು ಡೆಲ್ಬರ್ಟ್. ಮಾಲೀಕರು ಕರೆದಲ್ಲಿ ಹೋಗಿ ಸಣ್ಣಪುಟ್ಟ ರಿಪೇರಿ ಮಾಡುವವನು. ಥರ್ಮನ್ ಫೇಲು ಮಾಡಿದ್ದನ್ನು ಪಾಸಾಗುವ ಹಾಗೆ ಮಾಡುವುದು ನನ್ನ ಕಸುಬು. ಹಾಗಾಗಿ ಅವನ ಬಲಗಿವಿಯ ಬಗ್ಗೆ ನನಗೆ ಯಾವತ್ತೂ ಭಕ್ತಿಯೇ.

ಎಲ್ಲ ಶುರುವಾದದ್ದು ಜನವರಿಯ ಒಂದು ಬೆಳಗ್ಗೆ, ಥರ್ಮನ್‌ನ ಸ್ವಂತ ಮನೆಯಲ್ಲಿ. ಅವನ ಹೆಂಡತಿ ವರ್ನೀಸ್ ಹಾಸಿಗೆಯಲ್ಲಿ ಎದ್ದು ಕೂತು ಚಾವಣಿ ತೋರಿಸಿದಳು.

“ಊರವ್ರ ಮನೆ ಚಿಂವ್ ಎಲ್ಲ ಕೇಳ್ಸುತ್ತೆ ನಿಂಗೆ. ನಿನ್ನ ತಲೆ ಮೇಲಿಂದು ಕೇಳ್ಸಲ್ವಾ? ಮೂರು ದಿನದಿಂದ ನಾನು ನಿದ್ದೆ ಮಾಡಿಲ್ಲ.”

ಥರ್ಮನ್ ಬಲಮಗ್ಗುಲಾಗಿ ಮಲಗುವವನು. ಬಲಗಿವಿ ದಿಂಬಿನೊಳಗೆ, ಎಡಗಿವಿ ಚಾವಣಿಗೆ. ಅವನ ಪಾಲಿಗೆ ಆ ಮೂರು ರಾತ್ರಿ ಬಹಳ ಶಾಂತವಾಗಿದ್ದವು. “ನಾನು ಕೇಳ್ಸ್ಕೊಂಡೆ, ಬೇಕಂತಲೇ ಪರೀಕ್ಷೆ ಮಾಡ್ತಿದ್ದೆ,” ಎಂದು ಗಂಭೀರವಾಗಿ ಹೇಳಿ, ಕುರ್ಚಿ ಹತ್ತಿ ಅಲಾರಂ ಬಿಚ್ಚಿದ. ಅದಕ್ಕೆ ಬೇಕಾದ ಚೌಕದ ಬ್ಯಾಟರಿ ಮನೆಯಲ್ಲಿರಲಿಲ್ಲ. ಅಂಗಡಿಯಲ್ಲಿ ಅದನ್ನೇ ತೋರಿಸಿ ತರೋಣ ಎಂದು ಅಲಾರಂ ಅನ್ನು ಹಳೇ ಬ್ಯಾಟರಿ ಸಮೇತ ತನ್ನ ಕೆಲಸದ ಕ್ಯಾನ್ವಾಸ್ ಚೀಲದ ತಳಕ್ಕೆ ಹಾಕಿದ. ಅದರ ಮೇಲೆ ಕೈಗವಸು, ಕೈಗವಸಿನ ಮೇಲೆ ಟಾರ್ಚು, ಟಾರ್ಚಿನ ಮೇಲೆ ಕಾಫಿ ಫ್ಲಾಸ್ಕು, ಎಲ್ಲದರ ಮೇಲೆ ವರ್ನೀಸ್ ಕಟ್ಟಿಕೊಟ್ಟ ಊಟ. ಚೀಲವನ್ನು ಎಂದಿನಂತೆ ಎಡಭುಜಕ್ಕೆ ನೇತುಹಾಕಿಕೊಂಡು ಹೊರಟ. ಬ್ಯಾಟರಿ ವಿಷಯ ರಸ್ತೆಯ ಮೊದಲ ತಿರುವಿನಲ್ಲೇ ಮರೆತುಹೋಯಿತು.

ಅಲಾರಂ ಮರೆಯಲಿಲ್ಲ. ಅದು ತನ್ನ ಕೆಲಸ ತಾನು ಮಾಡುತ್ತಲೇ ಇತ್ತು.

ಮೊದಲು ಕಾರು ಚಿಂವ್ ಅಂದಿತು. ಥರ್ಮನ್ ಅದನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟ. ಮೆಕ್ಯಾನಿಕ್ ಬೆಲ್ಟು ಬದಲಾಯಿಸಿ, ಓಡಿಸಿ ನೋಡಿ, ಸದ್ದು ಪೂರ್ತಿ ಹೋಗಿದೆ ಎಂದು ಪ್ರಮಾಣ ಮಾಡಿದ. ಆ ಹೊತ್ತಿಗೆ ಚೀಲ ಥರ್ಮನ್ ಜೊತೆ ಪಕ್ಕದ ಹೋಟೆಲಿನಲ್ಲಿತ್ತು. ಅಲ್ಲಿನ ಅಡುಗೆಯವನು ಫ್ರಿಜ್ಜಿನ ಹಿಂದೆ ಜೀರುಂಡೆ ಹುಡುಕುತ್ತಿದ್ದ. ಒಂದೇ ಕಿವಿ ಕೇಳಿಸುವವನಿಗೆ ಸದ್ದು ಕೇಳಿಸುತ್ತದೆಯೇ ಹೊರತು ಎಲ್ಲಿಂದ ಬಂತು ಎಂಬುದು ಗೊತ್ತಾಗುವುದಿಲ್ಲ. ಥರ್ಮನ್‌ಗೆ ಇಡೀ ಟೊಲೆಡೊ ಚಿಂವ್ ಅನ್ನುತ್ತಿದೆ ಎನಿಸಿತು. ತನ್ನಂಥ ಇನ್ಸ್‌ಪೆಕ್ಟರ್ ಈ ಊರಿಗೆ ಎಷ್ಟು ಅಗತ್ಯ ಎಂದು ಅವನ ಎದೆ ಉಬ್ಬಿತು.

ಅದೇ ವಾರ ಅವನು ಮಿಸ್ ಆಲ್ಬರ್ಟಾ ಗ್ಯಾಡಿಸ್ ಅವರ ಮನೆಗೆ ಬಂದ.

ಮಿಸ್ ಆಲ್ಬರ್ಟಾ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ನಮ್ಮ ಚರ್ಚಿನಲ್ಲಿ ಭಾನುವಾರ ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತು, ಬಂದವರನ್ನು ಅವರವರ ಜಾಗಕ್ಕೆ ಕೂರಿಸುವವರು. ಅವರು ಬೆರಳು ತೋರಿಸಿದ ಕಡೆ ಮೇಯರ್ ಬಂದರೂ ಕೂರಬೇಕು. ಸುಳ್ಳು ಹೇಳುವುದಿಲ್ಲ ಎಂಬ ವ್ರತ ಬೇರೆ. ಮದುವೆಯಾಗಿದ್ದರೂ ಊರಿಗೆಲ್ಲ ಅವರು ಗೌರವದ ‘ಮಿಸ್’. ಗಂಡ ಕ್ಲೈಡ್ ಬದುಕಿದ್ದಾಗಿನಿಂದಲೂ ಆ ಪುಟ್ಟ ಮರದ ಮನೆಯಲ್ಲೇ ಇದ್ದರು. ಮನೆ ಮಾಲೀಕ ಕರ್ಟಿಸ್ ಹೋಲ್ಕಮ್. ಅವನು ಅದೇ ಚರ್ಚಿನ ಡೀಕನ್, ಅಂದರೆ ಹಿರಿಯ. ಅವನಷ್ಟು ಉದ್ದ ಪ್ರಾರ್ಥನೆ ಮಾಡುವವರು ಟೊಲೆಡೊದಲ್ಲಿ ಇಲ್ಲ, ಅವನಷ್ಟು ನಿಧಾನ ರಿಪೇರಿ ಮಾಡಿಸುವವರೂ ಇಲ್ಲ. ಇನ್ಸ್‌ಪೆಕ್ಷನ್ ದಿನ ಏನಾದರೂ ಹೆಚ್ಚುಕಮ್ಮಿಯಾದರೆ ಅಲ್ಲೇ ಮುಚ್ಚಿಹಾಕಲಿ ಎಂದು ನನ್ನನ್ನು ಸ್ಕ್ರೂಡ್ರೈವರ್ ಸಮೇತ ಕಳಿಸಿದ್ದ.

ಥರ್ಮನ್ ಒಳಗೆ ಬಂದ ಕೂಡಲೇ ಮಿಸ್ ಆಲ್ಬರ್ಟಾ ಅವನನ್ನು ಪ್ಯಾಸೇಜಿನ ಗೋಡೆಯ ಹತ್ತಿರ ಕರೆದುಕೊಂಡು ಹೋದರು.

“ಕೈ ಇಡಪ್ಪ ಇಲ್ಲಿ.”

ಥರ್ಮನ್ ಇಟ್ಟ. “ಸ್ವಲ್ಪ ಬೆಚ್ಚಗಿದೆ.”

“ಹೊರಗೆ ಹಿಮ ಬೀಳ್ತಿದೆ, ಗೋಡೆ ಬೆಚ್ಚಗಿದೆ. ಸಾಯಂಕಾಲ ಆದ್ರೆ ಸುಟ್ಟ ವಾಸನೆ ಬೇರೆ. ಡೀಕನ್‌ಗೆ ಹೇಳಿ ಹೇಳಿ ಸಾಕಾಯ್ತು. ನಿಮ್ಮ ಜೋಳದ ಬ್ರೆಡ್ಡು ಸೀದಿರಬೇಕು ಅಂತಾರೆ. ನನ್ನ ಬ್ರೆಡ್ಡು ಯಾವತ್ತಪ್ಪ ಸೀದಿದೆ?”

“ಯಾವತ್ತೂ ಇಲ್ಲ ಮಿಸ್ ಆಲ್ಬರ್ಟಾ,” ಎಂದು ನಾನೂ ಥರ್ಮನ್ನೂ ಒಟ್ಟಿಗೆ ಅಂದೆವು.

“ಹಂಗಾದ್ರೆ ಬರಿ, ಗೋಡೆ ಫೇಲು ಅಂತ.”

ಥರ್ಮನ್ ತಲೆ ಕೆರೆದುಕೊಂಡ. ಅವನ ಕಷ್ಟ ನನಗೆ ಗೊತ್ತಿತ್ತು. ಗೋಡೆ ಒಡೆದು ನೋಡುವ ಅಧಿಕಾರ ಇನ್ಸ್‌ಪೆಕ್ಟರಿಗಿಲ್ಲ. ಗೋಡೆ ಫೇಲಾಗಬೇಕಾದರೆ ಬಣ್ಣ ಸುಲಿದಿರಬೇಕು, ಬಿರುಕು ಬಿಟ್ಟಿರಬೇಕು, ವೈರು ಹೊರಗೆ ಕಾಣುತ್ತಿರಬೇಕು. ಈ ಗೋಡೆ ನಯವಾಗಿ, ಸುಣ್ಣ ಬಳಿದುಕೊಂಡು, ಒಳ್ಳೆಯ ಮನೆತನದ ಗೋಡೆಯ ಹಾಗೆ ನಿಂತಿತ್ತು. “ಕಣ್ಣಿಗೆ ಕಂಡಿದ್ದು, ಕಿವಿಗೆ ಕೇಳಿಸಿದ್ದು ಮಾತ್ರ ಬರೀಬೋದು ಮಿಸ್ ಆಲ್ಬರ್ಟಾ. ಬೆಚ್ಚಗಿದೆ ಅಂತ ಬರೆದ್ರೆ ಆಫೀಸಲ್ಲಿ ನನ್ನನ್ನ ನೋಡಿ ನಗಾಡ್ತಾರೆ,” ಅಂದ.

ಆಗ ಚಿಂವ್ ಅಂದಿತು.

ಥರ್ಮನ್ ಮುಖ ಬೆಳಗಿತು. ಪ್ಯಾಸೇಜಿನ ಅಲಾರಂ ಒತ್ತಿದ, ಚೆನ್ನಾಗಿ ಅರಚಿತು. ಬ್ಯಾಟರಿ ಬದಲಾಯಿಸಿದೆವು. ಚಿಂವ್. ಮಲಗುವ ಕೋಣೆಯದನ್ನು ಬಿಚ್ಚಿದೆವು. ಚಿಂವ್. ನೆಲಮಾಳಿಗೆಗೆ ಇಳಿದರೆ ನೆಲಮಾಳಿಗೆಯಲ್ಲಿ ಚಿಂವ್, ಮೇಲೆ ಬಂದರೆ ಮೇಲೆ ಚಿಂವ್. ಥರ್ಮನ್ ಕಣ್ಣು ಮುಚ್ಚಿ, ಬಲಗಿವಿಯನ್ನು ಚಾಚಿ, ಪೂಜಾರಿಯಂತೆ ಮೆಲ್ಲಗೆ ಸುತ್ತು ಹಾಕುತ್ತಿದ್ದ. ಚೀಲ ಅವನ ಜೊತೆ ಸುತ್ತು ಹಾಕುತ್ತಿತ್ತು. ಕೊನೆಗೆ ಸುಸ್ತಾಗಿ ಅದೇ ಬೆಚ್ಚನೆಯ ಗೋಡೆಗೆ ಒರಗಿ ನಿಂತ.

“ಫೇಲು,” ಅಂದ. “ಮನೇಲಿ ಎಲ್ಲೋ ಒಂದು ಅಲಾರಂ ಚಿಂವ್ ಅಂತಿದೆ. ಎಲ್ಲಿ ಅಂತ ಮಾಲೀಕ ಹುಡುಕಿ ಸರಿ ಮಾಡಿಸ್ಬೇಕು.”

ಮಿಸ್ ಆಲ್ಬರ್ಟಾ ಅವನನ್ನು ಕಳಿಸಲು ಜಗುಲಿಗೆ ಹೋದರು. ಅವನು ಕಾರು ಹತ್ತಿ ಹೋದ ಮೇಲೂ ಆ ಚಳಿಯಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಒಳಗೆ ಬಂದಾಗ ಅವರ ಮುಖದಲ್ಲಿ ಒಂದು ತೃಪ್ತಿ ಇತ್ತು. ಮನೆ ಫೇಲಾದವರ ಮುಖದಲ್ಲಿ ಅದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

“ಡೆಲ್ಬರ್ಟ್, ಅವನು ಎಲ್ಲಿ ನಿಂತಾಗ ಕೊನೇ ಸಲ ಸದ್ದು ಬಂತು ಮಗಾ?” ಅಂದರು.

“ಈ ಗೋಡೆ ಹತ್ರ.”

“ಹೌದಲ್ವಾ. ಡೀಕನ್ ಕೇಳಿದ್ರೆ ಅದನ್ನೇ ಹೇಳು.”

ನಾನು ಅದನ್ನೇ ಹೇಳಿದೆ. ಡೀಕನ್ ಹೋಲ್ಕಮ್‌ಗೆ ನಖಶಿಖಾಂತ ಉರಿಯಿತು. “ಗೋಡೆ ಒಳಗೆ ಅಲಾರಂ ಯಾರಿಡ್ತಾರೋ ಮೂರ್ಖ?” ಎಂದ. ನಾನು ಮನೆಯ ಎಲ್ಲ ಅಲಾರಂ ಕಿತ್ತು ಹೊಸವು ಹಾಕಿದೆ. ದಿನವಿಡೀ ಕೂತು ಕಿವಿಗೊಟ್ಟೆ. ಸದ್ದೇ ಇಲ್ಲ. ಡೀಕನ್ ಬಂದು ತಾನೂ ಕಿವಿಗೊಟ್ಟು, “ನೋಡಿದ್ರಾ ಮಿಸ್ ಆಲ್ಬರ್ಟಾ, ಏನೂ ಇಲ್ಲ,” ಅಂದ.

“ಇನ್ಸ್‌ಪೆಕ್ಟರ್ ಬಂದಾಗ ಇತ್ತು ಡೀಕನ್. ನಾನು ನನ್ನೆರಡು ಕಿವಿಯಾರೆ ಕೇಳ್ದೆ.”

“ಈಗ ಇಲ್ವಲ್ಲ.”

“ಈಗ ಇಲ್ಲ,” ಎಂದು ಮಿಸ್ ಆಲ್ಬರ್ಟಾ ಪ್ರಾಮಾಣಿಕವಾಗಿ ಒಪ್ಪಿಕೊಂಡರು. “ಗೋಡೆ ಮಾತ್ರ ಇನ್ನೂ ಬೆಚ್ಚಗಿದೆ. ಕೈ ಇಟ್ಟು ನೋಡಿ.”

ಡೀಕನ್ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಎರಡನೇ ಇನ್ಸ್‌ಪೆಕ್ಷನ್‌ಗೆ ಅವನು ಖುದ್ದಾಗಿ ಬಂದ. ಥರ್ಮನ್ ಬಾಗಿಲು ದಾಟಿ, ಬೂಟಿನ ಹಿಮ ಕೊಡವಿ, “ನಮಸ್ಕಾರ ಡೀಕನ್,” ಎನ್ನುವುದರೊಳಗೆ ಚಿಂವ್. ಡೀಕನ್ ಬಣ್ಣ ಬದಲಾಯಿತು. ತಾನೇ ಕುರ್ಚಿ ಹತ್ತಿದ, ತಾನೇ ಮಂಚದ ಕೆಳಗೆ ನುಗ್ಗಿದ, ಫ್ರಿಜ್ಜನ್ನು ತಾನೇ ತಳ್ಳಿದ. ಮನೆ ಫೇಲಾಯಿತು, ಕಚೇರಿಯ ಪಾಲು ನಿಂತಿತು.

ಅಷ್ಟರಲ್ಲಿ ಸುದ್ದಿ ಬೀದಿಗೆ ಬಿದ್ದಿತ್ತು. ಮುಂದಿನ ಮನೆಯ ಲೂಸಿಲ್, ಸತ್ತ ಕ್ಲೈಡ್ ಬದುಕಿದ್ದಾಗ ಹಲ್ಲಿನ ಸಂದಿಯಲ್ಲಿ ಹೀಗೇ ಚಿಂವ್ ಅನ್ನಿಸುತ್ತಿದ್ದ ಎಂದು ನೆನಪಿಸಿಕೊಂಡಳು. “ಬಾಡಿಗೆ ಕೊಟ್ಟೂ ಕೊಟ್ಟೂ ಸತ್ತ ಪಾಪ. ಈಗ ಡೀಕನ್ನನ್ನ ಕೇಳೋಕೆ ಬಂದಿದಾನೆ,” ಎಂದು ಕ್ಷೌರದಂಗಡಿಯ ತನಕ ಹೇಳಿ ಬಂದಳು. ಮಿಸ್ ಆಲ್ಬರ್ಟಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಕ್ಲೈಡ್‌ಗೆ ಆ ಗೋಡೆ ಕಂಡ್ರೆ ಮೊದಲಿಂದಾನೂ ಆಗ್ತಿರ್ಲಿಲ್ಲ,” ಎಂದಷ್ಟೇ ಅಂದರು. ಅದು ನಿಜವೂ ಆಗಿತ್ತು.

ಥರ್ಮನ್ ಮಾತ್ರ ಸೊರಗಿದ. ಇನ್ನೊಂದು ಸಲ ಫೇಲಾದರೆ ಮಿಸ್ ಆಲ್ಬರ್ಟಾ ಮನೆ ಬಿಡಬೇಕು, ಅದೂ ಈ ಚಳಿಯಲ್ಲಿ. ನಮ್ಮೂರಿನಲ್ಲಿ ಸರ್ಕಾರದ ಪಾಲಿನ ಬಾಡಿಗೆದಾರರು ಎಂದ ಕೂಡಲೇ ಮಾಲೀಕರಿಗೆ ಇದ್ದಕ್ಕಿದ್ದಂತೆ ಮನೆ ಖಾಲಿ ಇಲ್ಲದಂತಾಗುತ್ತದೆ. “ಪಾಸು ಅಂತ ಬರೆದುಬಿಡು,” ಎಂದು ನಾನೇ ಹೇಳಿದೆ. “ಕೇಳ್ಸಿದ್ದನ್ನ ಕೇಳ್ಸಿಲ್ಲ ಅಂತ ಹೆಂಗೆ ಬರೀಲಿ ಡೆಲ್? ನಾಳೆ ಬೆಂಕಿ ಬಿದ್ರೆ?” ಅಂದ. ಅವನು ಜಂಬದ ಮನುಷ್ಯ, ಮರೆವಿನ ಮನುಷ್ಯ. ಆದರೆ ಸುಳ್ಳು ಬರೆಯುವ ಕೈ ಅವನದಲ್ಲ. ಆ ಮಾತಿಗೆ ನನಗೆ ಅವನ ಮೇಲೆ ಪ್ರೀತಿ ಉಕ್ಕಿತು, ಅವನಿಗೆ ಹೇಳಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಆದದ್ದನ್ನು ನಮ್ಮವರು ಇನ್ನೂ ಮರೆತಿಲ್ಲ.

ಒಮ್ಮೆ ಯಾರೋ ಕಾರಿನ ಗಾಜು ಒಡೆದದ್ದರಿಂದ ಥರ್ಮನ್ ಚೀಲವನ್ನು ಎಲ್ಲಿಗೆ ಹೋದರೂ ಹೊತ್ತೊಯ್ಯುತ್ತಿದ್ದ, ಚರ್ಚಿಗೂ. ಅವತ್ತು ಬಾಗಿಲಲ್ಲಿ ಮಿಸ್ ಆಲ್ಬರ್ಟಾ ನಿಂತಿದ್ದರು. ಥರ್ಮನ್ ಸದಾ ಹಿಂದಿನ ಸಾಲಿನಲ್ಲಿ ಕೂರುವವನು. ಮಿಸ್ ಆಲ್ಬರ್ಟಾ ಬಿಳಿ ಕೈಗವಸಿನ ಬೆರಳು ಎತ್ತಿ ಮುಂದೆ ತೋರಿಸಿದರು, ಡೀಕನ್ ಹೋಲ್ಕಮ್‌ನ ಬೆನ್ನ ಹಿಂದಿನ ಜಾಗ. ಆ ಬೆರಳಿಗೆ ಎದುರಾಡಿದವರಿಲ್ಲ. ಥರ್ಮನ್ ಹೋಗಿ ಕೂತ, ಚೀಲವನ್ನು ಕಾಲಬುಡದಲ್ಲಿಟ್ಟ.

ಡೀಕನ್ ಪ್ರಾರ್ಥನೆಗೆ ಎದ್ದು ನಿಂತು ಕೈ ಚಾಚಿದ. “ದೇವರೇ, ನಮ್ಮ ಮನೆಗಳನ್ನು ಕಾಪಾಡು.”

ಚಿಂವ್.

ಸಭೆ ತಲೆ ಎತ್ತಿತು. ಡೀಕನ್ ಉಗುಳು ನುಂಗಿ ಮುಂದುವರಿಸಿದ. “ಬಡವರ ಮೇಲೆ, ವಿಧವೆಯರ ಮೇಲೆ ನಿನ್ನ ಕೃಪೆ ಇರಲಿ.”

ಚಿಂವ್.

“ಅಯ್ಯೋ ಕ್ಲೈಡ್,” ಎಂದು ಲೂಸಿಲ್ ಹಾಡಿನ ಪುಸ್ತಕ ಕೈಬಿಟ್ಟಳು. ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ಆ ಮನೆಯಲ್ಲಿ ಇದ್ದದ್ದು ಡೀಕನ್ ಹಿಂದೆಯೇ ಚರ್ಚಿಗೂ ಬಂದಿದೆ. ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು, “ಡೀಕನ್ ಹೋಲ್ಕಮ್, ಮನಸ್ಸಲ್ಲಿ ಏನಾದ್ರೂ ಭಾರ ಇದ್ರೆ ಇಳಿಸ್ಕೊಳ್ಳಿ, ಇದು ಅದಕ್ಕೇ ಇರೋ ಜಾಗ,” ಎಂದರು. ಟೊಲೆಡೊದ ಅತ್ಯಂತ ಉದ್ದದ ಪ್ರಾರ್ಥನೆ ಅವತ್ತು ಎರಡು ವಾಕ್ಯಕ್ಕೆ ಮುಗಿಯಿತು. ಮಿಸ್ ಆಲ್ಬರ್ಟಾ ಬಾಗಿಲಲ್ಲಿ ಕೈಕಟ್ಟಿ, ಚಾವಣಿ ನೋಡುತ್ತ ನಿಂತಿದ್ದರು.

ಡೀಕನ್ ಸೋಲೊಪ್ಪುವವನಲ್ಲ. ಸೋಮವಾರ ವಸತಿ ಕಚೇರಿಗೆ ಹೋಗಿ, ಇನ್ಸ್‌ಪೆಕ್ಟರ್ ಪೆಟವೇಗೆ ತಲೆ ಕೆಟ್ಟಿದೆ, ಇಲ್ಲದ ಸದ್ದು ಕೇಳಿಸಿಕೊಳ್ಳುತ್ತಾನೆ ಎಂದು ದೂರು ಕೊಟ್ಟ. ತಾನೂ ಕೇಳಿಸಿಕೊಂಡದ್ದನ್ನು ಹೇಳಲಿಲ್ಲ. ಹಾಗಾಗಿ ಮೂರನೇ ಇನ್ಸ್‌ಪೆಕ್ಷನ್‌ಗೆ ಥರ್ಮನ್‌ನ ಮೇಲಧಿಕಾರಿ ಮಿಸೆಸ್ ಕ್ರ್ಯಾಂಡಲ್ ಬಂದರು. ಅವರು ನಗುವುದನ್ನು ಕಚೇರಿಯಲ್ಲಿ ಕಂಡವರಿಲ್ಲ.

ಪ್ಯಾಸೇಜಿನಲ್ಲಿ ಕಾಲಿಡಲು ಜಾಗವಿಲ್ಲ. ಮಿಸೆಸ್ ಕ್ರ್ಯಾಂಡಲ್, ಡೀಕನ್, ಥರ್ಮನ್, ಮಿಸ್ ಆಲ್ಬರ್ಟಾ, ನಾನು. ಜಗುಲಿಯಲ್ಲಿ ಲೂಸಿಲ್ ಮತ್ತು ಅರ್ಧ ಬೀದಿ. ಥರ್ಮನ್ ಮುಖದಲ್ಲಿ ರಕ್ತವಿರಲಿಲ್ಲ. ಅವನು ಗೋಡೆಗೆ ಒರಗಿ, ಸದ್ದು ಬಾರದಿರಲಿ ಎಂದು ಹಾರೈಸುತ್ತಿದ್ದುದು ಅವನ ತುಟಿಯಲ್ಲೇ ಕಾಣುತ್ತಿತ್ತು.

ಚಿಂವ್.

“ಕೇಳ್ತು,” ಎಂದರು ಮಿಸೆಸ್ ಕ್ರ್ಯಾಂಡಲ್. “ಮಿಸ್ಟರ್ ಹೋಲ್ಕಮ್, ಇಲ್ಲದ ಸದ್ದು ಅಂದ್ರಲ್ಲ?”

“ಮೇಡಂ, ಇದರಲ್ಲಿ ಏನೋ ಮೋಸ ಇದೆ.”

“ಎಲ್ಲಿಂದ ಬರ್ತಿದೆ ಇದು?” ಮಿಸೆಸ್ ಕ್ರ್ಯಾಂಡಲ್ ಕಣ್ಣು ಚಾವಣಿಯಿಂದ ಗೋಡೆಗೆ, ಗೋಡೆಯಿಂದ ಥರ್ಮನ್ ಕಡೆಗೆ ಇಳಿಯತೊಡಗಿತು. ಅವರ ಎರಡೂ ಕಿವಿ ಚೆನ್ನಾಗಿದ್ದವು.

ಮಿಸ್ ಆಲ್ಬರ್ಟಾ ಮುಂದೆ ಬಂದರು. “ಮೇಡಂ, ಒಂದು ಸಲ ಗೋಡೆಗೆ ಕಿವಿ ಇಟ್ಟು ನೋಡಿ.”

ಮಿಸೆಸ್ ಕ್ರ್ಯಾಂಡಲ್ ಗೋಡೆಗೆ ಕಿವಿ ಇಟ್ಟರು, ಇಟ್ಟ ಕ್ಷಣವೇ ಹಿಂದೆ ಸರಿದು ಕಿವಿ ಉಜ್ಜಿಕೊಂಡರು. “ಸುಡ್ತಿದೆ ಇದು. ಒಳಗೆ ಏನೋ ಚರಚರ ಅಂತಿದೆ.”

“ಗೋಡೆ ಬೆಚ್ಚಗಿದೆ ಅಂತ ನಾನು ನಿಮ್ಮ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿ ಹೇಳಿದೀನಿ ಮೇಡಂ. ಕಾಣಿಸದ್ದು ಬರ್ಕೊಳಲ್ಲ ಅಂದ್ರು.”

ಡೀಕನ್‌ಗೆ ತಡೆಯಲಾಗಲಿಲ್ಲ. ಚರ್ಚಿನಲ್ಲಾದ ಅವಮಾನ ಅವನ ತಲೆಗೆ ಏರಿತ್ತು. “ಸಾಕು. ಡೆಲ್ಬರ್ಟ್, ಒಡಿ ಈ ಗೋಡೆ. ಎಲ್ಲರ ಮುಂದೇನೇ ಒಡಿ. ಒಳಗೆ ಅಲಾರಂ ಇಲ್ದೇ ಇದ್ರೆ ಈ ಪೆಟವೇ ಕೆಲಸ ಬಿಟ್ಟು ಮನೆಗೆ ಹೋಗ್ಬೇಕು. ಒಪ್ತೀಯಾ?”

ಥರ್ಮನ್ ನನ್ನ ಕಡೆ ನೋಡಿದ, ಮಿಸ್ ಆಲ್ಬರ್ಟಾ ಕಡೆ ನೋಡಿದ. “ನಾನು ಕೇಳ್ಸ್ಕೊಂಡಿದ್ದು ಕೇಳ್ಸ್ಕೊಂಡೇ,” ಅಂದ. “ಒಡೀರಿ.”

ನಾನು ಸುತ್ತಿಗೆ ಎತ್ತಿದೆ. ಗಾರೆ ಮೊದಲ ಏಟಿಗೆ ಉದುರಿತು, ಅದರ ಹಿಂದೆಯೇ ಸುಟ್ಟ ವಾಸನೆ ಮುಖಕ್ಕೆ ರಾಚಿತು. ಒಳಗಿನ ಮರದ ಪಟ್ಟಿಗಳು ಇದ್ದಿಲಾಗಿದ್ದವು. ನಡುವೆ ಅಜ್ಜನ ಕಾಲದ ಬಟ್ಟೆ ಸುತ್ತಿದ ವೈರು, ಬಟ್ಟೆ ಉರಿದುಹೋಗಿ, ಎರಡು ತಂತಿ ಸೇರುವ ಕಡೆ ಕೆಂಪಗೆ ಮಿನುಗುತ್ತಿತ್ತು. ಒಂದು ಪಟ್ಟಿಯ ತುದಿ ನಮ್ಮ ಕಣ್ಣೆದುರೇ ಹೊತ್ತಿಕೊಂಡಿತು. ಮಿಸ್ ಆಲ್ಬರ್ಟಾ ಕೈಯಲ್ಲಿ ಆಗಲೇ ಬೆಂಕಿ ನಂದಿಸುವ ಸಿಲಿಂಡರ್ ಇತ್ತು. ಅದು ಯಾವಾಗ ಅವರ ಕೈಗೆ ಬಂತೋ ನಾನು ನೋಡಲಿಲ್ಲ. ನಾನು ನೆಲಮಾಳಿಗೆಗೆ ಓಡಿ ಮೇನ್ ಆಫ್ ಮಾಡಿದೆ.

ಮೇಲೆ ಬಂದಾಗ ಎಲ್ಲರೂ ಮಲಗುವ ಕೋಣೆಯೊಳಗೆ ಇಣುಕುತ್ತಿದ್ದರು. ಆ ಗೋಡೆಯ ಆಚೆ ಬದಿಗೆ ಮಿಸ್ ಆಲ್ಬರ್ಟಾ ಮಲಗುವ ಮಂಚ. ತಲೆದಿಂಬು ಸರಿಯಾಗಿ ಆ ಜಾಗಕ್ಕೇ ತಾಗಿತ್ತು.

ಕರೆಂಟಿಲ್ಲದ ಆ ಮನೆಯಲ್ಲಿ, ಇನ್ನೊಮ್ಮೆ ಚಿಂವ್.

“ಇನ್ನೂ ಇದೆ,” ಎಂದು ಡೀಕನ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. “ಕ್ಲೈಡ್, ಸಾಕು ಮಾರಾಯ. ಪೂರ್ತಿ ಮನೆ ವೈರು ಬದಲಾಯಿಸ್ತೀನಿ. ಎಲ್ಲಾ ಗೋಡೆ, ಚಾವಣಿ, ನೆಲಮಾಳಿಗೆ. ಖರ್ಚು ಎಷ್ಟಾದ್ರೂ ಆಗ್ಲಿ. ನನ್ನ ಹಿಂದೆ ಬರಬೇಡ.”

“ನಾವೆಲ್ಲ ಕೇಳ್ಸ್ಕೊಂಡ್ವಿ ಡೀಕನ್,” ಎಂದು ಜಗುಲಿಯಿಂದ ಲೂಸಿಲ್ ಕೂಗಿದಳು. “ಕ್ಲೈಡೂ ಕೇಳ್ಸ್ಕೊಂಡ.”

ಮಿಸೆಸ್ ಕ್ರ್ಯಾಂಡಲ್ ಥರ್ಮನ್‌ನ ಕೈ ಕುಲುಕಿದರು. “ಮಿಸ್ಟರ್ ಪೆಟವೇ, ಇಂಥ ಕಿವಿ ನಾನು ಕಂಡಿಲ್ಲ,” ಅಂದು, ಜನ ನೋಡುತ್ತಿದ್ದಂತೆ, ನಕ್ಕರು.

ಮಿಸೆಸ್ ಕ್ರ್ಯಾಂಡಲ್ ಒಪ್ಪಂದ ರದ್ದು ಮಾಡದೆ ವೈರು ಬದಲಾಯಿಸಲು ಸಮಯ ಕೊಟ್ಟರು. ಡೀಕನ್ ಮಾತು ತಪ್ಪಲಿಲ್ಲ. ತಪ್ಪಿದರೆ ಯಾರು ಬರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಮಿಸ್ ಆಲ್ಬರ್ಟಾ ಕೆಲಸ ಮುಗಿಯುವ ತನಕ ತಂಗಿ ಮನೆಯಲ್ಲಿದ್ದು, ಡೀಕನ್ ಖರ್ಚಿನಲ್ಲಿ ಟ್ಯಾಕ್ಸಿ ಹಿಡಿದು ಬಂದು ಪ್ರತಿಯೊಂದು ಸ್ವಿಚ್ಚನ್ನೂ ನೋಡಿಹೋಗುತ್ತಿದ್ದರು. ಕಚೇರಿಯಲ್ಲಿ ಥರ್ಮನ್‌ಗೆ ಸನ್ಮಾನವಾಯಿತು, ಕೇಕ್ ಕತ್ತರಿಸಿದರು. ಹೊಸ ಇನ್ಸ್‌ಪೆಕ್ಟರುಗಳಿಗೆ ಕಿವಿಗೊಡುವುದು ಹೇಗೆ ಎಂದು ಅವನು ಉಪನ್ಯಾಸ ಕೊಟ್ಟ. ಆ ಕೋಣೆಯಲ್ಲೂ ಒಮ್ಮೆ ಚಿಂವ್ ಎಂದಾಗ, ವಿದ್ಯಾರ್ಥಿಗಳನ್ನು ಪರೀಕ್ಷಿಸಲು ಅವನೇ ಏರ್ಪಾಡು ಮಾಡಿದ್ದು ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಷೌರದಂಗಡಿಯಲ್ಲಿ ಅವನಿಗೆ ಸರದಿ ಇಲ್ಲದೆ ಕುರ್ಚಿ ಸಿಗತೊಡಗಿತು. ವರ್ನೀಸ್ ಮಾತ್ರ ಬರಿದಾದ ಚಾವಣಿ ನೋಡಿ, “ನಮ್ಮನೆಗೆ ಇನ್ಸ್‌ಪೆಕ್ಟರ್ ಯಾವಾಗ ಬರ್ತಾರೆ?” ಎಂದು ಕೇಳುತ್ತಿದ್ದಳು. ಬ್ಯಾಟರಿ ತರುತ್ತೇನೆ ಎಂದು ಅವನು ಹೇಳುತ್ತಿದ್ದ.

ಮನೆ ಸಿದ್ಧವಾದ ಮೇಲೆ ಕೊನೆಯ ಇನ್ಸ್‌ಪೆಕ್ಷನ್. ನಾನು ಪ್ಯಾಸೇಜಿನ ಹೊಸ ಗೋಡೆಗೆ ಬಣ್ಣದ ಕೊನೆಯ ಕೈ ಹೊಡೆಯುತ್ತಿದ್ದೆ. ಮಿಸ್ ಆಲ್ಬರ್ಟಾ ಬಾಗಿಲಲ್ಲೇ ಥರ್ಮನ್‌ನನ್ನು ತಡೆದರು.

“ನೆಲ ಒರೆಸಿದೀನಿ. ಬೂಟು ಬಿಚ್ಚು. ಆ ಚೀಲಾನೂ ಜಗುಲೀಲೇ ಇಡಪ್ಪ.”

ಥರ್ಮನ್ ಕಾಲುಚೀಲದಲ್ಲಿ ಮನೆಯೆಲ್ಲ ಸುತ್ತಿದ. ಬಲಗಿವಿ ಚಾಚಿ ಪ್ರತಿ ಕೋಣೆಯಲ್ಲಿ ನಿಂತ. ಏನೂ ಇಲ್ಲ. ಗೋಡೆಗೆ ಅಂಗೈ ಇಟ್ಟ, ತಣ್ಣಗಿತ್ತು. “ಪಾಸು,” ಎಂದು ಗಟ್ಟಿಯಾಗಿ ಹೇಳಿ ಬರೆದುಕೊಂಡ. ಮಿಸ್ ಆಲ್ಬರ್ಟಾ ಕಣ್ಣೊರೆಸಿಕೊಂಡರು. ನಾನು ಗೋಡೆ ಕಡೆ ತಿರುಗಿ, ಬಣ್ಣ ಬಳಿದಲ್ಲೇ ಇನ್ನೊಮ್ಮೆ ಬಳಿದೆ.

ಆಮೇಲೆ ಅಡುಗೆಮನೆಯಲ್ಲಿ ಕೂತೆವು. ಪೀಚ್ ಹಣ್ಣು ಹಾಕಿ ಬೇಯಿಸಿದ ಕಾಬ್ಲರ್ ಎಂಬ ಸಿಹಿತಿಂಡಿ ಬಿಸಿಯಾಗಿತ್ತು. ಮಿಸ್ ಆಲ್ಬರ್ಟಾ ಜಗುಲಿಗೆ ಹೋಗಿ ಥರ್ಮನ್‌ನ ಚೀಲ ತಂದು ಮೇಜಿನ ಮೇಲಿಟ್ಟರು. ಊಟದ ಡಬ್ಬಿ ತೆಗೆದರು, ಫ್ಲಾಸ್ಕು ತೆಗೆದರು, ಟಾರ್ಚು ತೆಗೆದರು, ಕೈಗವಸು ತೆಗೆದರು. ಕೊನೆಗೆ ತಳದಿಂದ ಬಿಳಿ ಅಲಾರಂ ಎತ್ತಿ ಕಾಬ್ಲರ್ ಪಕ್ಕ ಇಟ್ಟರು.

ಅದು ನಮ್ಮ ಮೂವರನ್ನೂ ನೋಡಿ ಚಿಂವ್ ಅಂದಿತು.

ಥರ್ಮನ್‌ನ ಚಮಚ ಬಾಯಿಯ ಹತ್ತಿರವೇ ನಿಂತಿತು. ಅವನು ಒಂದೊಂದನ್ನೇ ಲೆಕ್ಕ ಹಾಕುತ್ತಿದ್ದುದು ಕಾಣುತ್ತಿತ್ತು. ಕಾರು, ಹೋಟೆಲು, ಚರ್ಚು, ಉಪನ್ಯಾಸ.

“ಯಾವಾಗಿಂದ ಗೊತ್ತಿತ್ತು ನಿಮಗೆ?” ಎಂದು ಕೊನೆಗೆ ಕೇಳಿದ.

“ಮೊದಲನೇ ದಿನಾನೇ. ನೀನು ಮೆಟ್ಲು ಇಳಿದೆ, ಸದ್ದೂ ನಿನ್ನ ಜೊತೆ ಮೆಟ್ಲು ಇಳೀತು. ಕಾರು ಹತ್ತಿದೆ, ಅದೂ ಹತ್ತಿತು.”

“ಮತ್ತೆ ಯಾಕೆ ಹೇಳ್ಲಿಲ್ಲ? ಮನೆ ಕಳ್ಕೋತಿದ್ರಿ.”

“ಗೋಡೆ ಬೆಚ್ಚಗಿದೆ ಅಂತ ನಾನು ಬಾಯಿ ಬಡ್ಕೊಂಡೆ, ಯಾರೂ ಬರ್ಲಿಲ್ಲ. ನಿನ್ನ ಚೀಲ ಒಂದು ಸಲ ಚಿಂವ್ ಅಂತು, ಎಲ್ಲರೂ ಬಂದ್ರು. ನಾನಾದ್ರೂ ಒಂದು ಸುಳ್ಳು ಹೇಳಿದ್ನಾ, ಹೇಳು. ಜಾಗ ತೋರಿಸ್ದೆ ಅಷ್ಟೆ, ಅದು ನನ್ನ ಕೆಲಸ.” ಮಿಸ್ ಆಲ್ಬರ್ಟಾ ಅವನ ಎಡಗಡೆಗೆ ಬಂದು ಏನೋ ಪಿಸುಗುಟ್ಟಿದರು. ಅವನು ಅಲುಗಲಿಲ್ಲ. ಬಲಗಡೆಗೆ ಬಂದು ಹೇಳಿದರು. “ಈ ಕಿವಿ ಡಾಕ್ಟರಿಗೆ ತೋರಿಸು ಅಂದೆ ಮಗಾ. ನಾಚಿಕೆ ಪಡೋಂಥದ್ದೇನಿಲ್ಲ. ಕೇಳ್ಸಿದ್ದನ್ನ ಕೇಳ್ಸ್ತು ಅಂತ ಹೇಳೋಕೆ ಒಂದು ಕಿವಿ ಸಾಕು. ಎರಡಿದ್ದೂ ಹೇಳದವ್ರನ್ನ ನೋಡಿದೀನಿ.”

ಥರ್ಮನ್ ತಲೆ ತಗ್ಗಿಸಿದ. ಆಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ. ನಗು ಮೂವರಿಗೂ ಹತ್ತಿಕೊಂಡು, ಕಾಬ್ಲರ್ ಆರಿಹೋಯಿತು.

ಹೊರಡುವಾಗ ಮಿಸ್ ಆಲ್ಬರ್ಟಾ ಏಪ್ರನ್ ಜೇಬಿನಿಂದ ಹೊಸ ಚೌಕದ ಬ್ಯಾಟರಿ ತೆಗೆದು ಅವನ ಕೈಗಿಟ್ಟರು. ಅವನು ಅಲಾರಂ ತಿರುಗಿಸಿ ಅಲ್ಲೇ ಹಾಕಲು ಹೊರಟ. ಬಿಳಿ ಕೈಗವಸು ಇಲ್ಲದಿದ್ದರೂ ಅದೇ ಬೆರಳು ಮೇಲೆದ್ದಿತು.

“ಈಗಲೇ ಬೇಡ. ನನ್ನ ತಂಗಿ ಮನೆ ಬಚ್ಚಲಿನ ನೆಲ ಅಡಿಯಲ್ಲೇ ಕೊಳೆತು ಮೆತ್ತಗಾಗಿದೆ. ಮಾಲೀಕ ತಿರುಗಿ ನೋಡಲ್ಲ. ಗುರುವಾರ ಅವಳ ಮನೆ ಇನ್ಸ್‌ಪೆಕ್ಷನ್ ನಿಂದೇ ಅಂತೆ.” ಅವರು ಅಲಾರಂ ಅನ್ನು ಮತ್ತೆ ಚೀಲದ ತಳಕ್ಕೆ ಹಾಕಿ, ಅದರ ಮೇಲೆ ಕೈಗವಸು ಮುಚ್ಚಿದರು. “ಬಚ್ಚಲಲ್ಲಿ ಸ್ವಲ್ಪ ಹೊತ್ತು ನಿಂತ್ಕೊ.”